ಬಾಗದ ಬೆನ್ನು

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದ ಕಾಲದ ಮಾತು. ನನ್ನ ತರಗತಿಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದ. ಬೆಳಗಿನ ಪ್ರಾರ್ಥನೆಯ ಅನಂತರ ನಡೆಯುತ್ತಿದ್ದ ಅಂಗಸಾಧನೆಯಲ್ಲಿ ಉಳಿದವರೆಲ್ಲ ಬಾಗಿ ಕಾಲ್ಬೆರಳನ್ನು ಮುಟ್ಟುತ್ತಿದ್ದರೆ, ಅವನ ಕೈಗಳು ಮೊಣಕಾಲನ್ನು ದಾಟುತ್ತಿರಲಿಲ್ಲ. ನಾನು ಮೊದಲ ಪಾಠಕ್ಕೆ ಒಳಗೆ ಬಂದಾಗ ಎಲ್ಲರೂ ಎದ್ದು ನಿಂತು ಕುಳಿತುಕೊಂಡ ಮೇಲೆ, ಅವನು ಬೆಂಚನ್ನು ಹಿಡಿದು ಮೆಲ್ಲಗೆ ಏಳುತ್ತಿದ್ದ. ಪಾಠದ ನಡುವೆ ತೂಕಡಿಸುತ್ತಿದ್ದ. ಆದರೆ ಅದೇ ಹುಡುಗ ಸಂಜೆ ಬಯಲಿನಲ್ಲಿ ಕಬಡ್ಡಿಯಾಡುವುದನ್ನು ನಾನು ಕಂಡಿದ್ದೆ. ಬೆಳಿಗ್ಗೆ ಬಾಗಲಾರದವನು ಸಂಜೆ ಹೇಗೆ ಓಡಬಲ್ಲ? ಇದು ಮೈಗಳ್ಳತನವಲ್ಲದೆ ಬೇರೇನೂ ಅಲ್ಲವೆಂದು ತೀರ್ಮಾನಿಸಿದೆ. ಒಂದು ದಿನ ಇಡೀ ತರಗತಿಯ ಎದುರಿನಲ್ಲಿ ಅವನನ್ನು ಹಾಗೆಂದು ಕರೆದೂ ಬಿಟ್ಟೆ. ಹುಡುಗರು ನಕ್ಕರು. ಅವನು ಒಂದು ಮಾತನ್ನೂ ಆಡಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳು ಕಳೆದವು. ಒಮ್ಮೆ ಬಸ್ಸು ನಿಲ್ದಾಣದಲ್ಲಿ ಅವನ ಗುರುತು ಹತ್ತಿ, ಹೆಸರು ಹಿಡಿದು ಕೂಗಿದೆ. ಅವನು ಕೊರಳನ್ನು ಹೊರಳಿಸಲಿಲ್ಲ; ಇಡೀ ದೇಹವನ್ನೇ ತಿರುಗಿಸಿ ನನ್ನತ್ತ ನೋಡಿದ. ಆಗ ನನಗೆ ಎಲ್ಲವೂ ತಿಳಿಯಿತು. ಅವನ ಬೆನ್ನೆಲುಬನ್ನು ಒಂದು ರೋಗ ಹಿಡಿದಿತ್ತು. ಅದು ನನ್ನ ತರಗತಿಯಲ್ಲಿ ಕುಳಿತಿದ್ದಾಗಲೇ ಆರಂಭವಾಗಿತ್ತು. ಅದರ ಹೆಸರನ್ನು ವೈದ್ಯರು ಹೇಳಿದ್ದು ಮಾತ್ರ ಹಲವು ವರ್ಷಗಳ ಮೇಲೆ. "ಮೇಷ್ಟ್ರೇ, ನನ್ನದೇನೋ ಆಯಿತು. ಇದು ವಂಶದ ಕಾಯಿಲೆಯಂತೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ತಂಗಿಯನ್ನು ನೋಡಿ ಒಪ್ಪಿದ್ದವರು ಸಂಬಂಧವನ್ನು ಬಿಟ್ಟುಹೋದರು. ನನಗೊಬ್ಬಳು ಮಗಳಿದ್ದಾಳೆ. ಅವಳಿಗೂ ಇದು ಬರುತ್ತದೆಯೇ?" ಎಂದು ಅವನು ಕೇಳಿದ. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಬಲ್ಲವರನ್ನು ಕೇಳಿ, ಗ್ರಂಥಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಬೆನ್ನೆಲುಬಿನ ರಚನೆಯನ್ನು ನೋಡೋಣ. ಅದು ಒಂದೇ ಎಲುಬಲ್ಲ. ಹುಟ್ಟಿದ ಮಗುವಿನಲ್ಲಿ ೩೩ ಮಣಿಗಳು ಒಂದರ ಮೇಲೊಂದು ಜೋಡಿಸಿದಂತಿರುತ್ತವೆ. ಕೊರಳಿನಲ್ಲಿ ೭, ಎದೆಯ ಹಿಂಭಾಗದಲ್ಲಿ ೧೨, ಸೊಂಟದಲ್ಲಿ ೫, ಹೀಗೆ ಮೇಲಿನ ೨೪ ಮಣಿಗಳು ಜೀವನಪರ್ಯಂತ ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಅವುಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಸುತ್ತಲೂ ಗಟ್ಟಿಯಾದ ನಾರಿನಂತಹ ಅಸ್ಥಿರಜ್ಜುಗಳು ಅವನ್ನು ಬಿಗಿದು ಹಿಡಿದಿವೆ. ನಾವು ಬಾಗುವುದು, ಹೊರಳುವುದು, ಹಿಂದಿರುಗಿ ನೋಡುವುದು ಎಲ್ಲವೂ ಈ ಮಣಿಗಳ ಸಣ್ಣ ಸಣ್ಣ ಚಲನೆಗಳ ಮೊತ್ತ. ಕೆಳಗಿನ ಮಣಿಗಳು ಬೆಳೆಯುತ್ತ ಕೂಡಿಕೊಂಡು, ಸೊಂಟದ ಎರಡು ದೊಡ್ಡ ಎಲುಬುಗಳ ನಡುವೆ ಬೆಣೆಯಂತೆ ಕುಳಿತಿರುವ ತ್ರಿಕಾಸ್ಥಿಯೂ ಅದರ ತುದಿಯ ಪುಟ್ಟ ಬಾಲಾಸ್ಥಿಯೂ ಆಗುತ್ತವೆ.

ತ್ರಿಕಾಸ್ಥಿಯು ಸೊಂಟದ ಎಲುಬುಗಳನ್ನು ಸಂಧಿಸುವ ಆ ಎರಡು ಕೀಲುಗಳಲ್ಲಿಯೇ ಸಾಮಾನ್ಯವಾಗಿ ಈ ರೋಗ ಆರಂಭವಾಗುತ್ತದೆ. ಅಸ್ಥಿರಜ್ಜುಗಳು ಎಲುಬಿಗೆ ಅಂಟುವ ಸ್ಥಳಗಳಲ್ಲಿ ಉರಿಯೂತ ಉಂಟಾಗುತ್ತದೆ. ಗಾಯವಿಲ್ಲ, ಕೀವಿಲ್ಲ, ಆದರೂ ದೇಹದ ರಕ್ಷಣಾಪಡೆ ಅಲ್ಲಿ ಶತ್ರುವಿದ್ದಾನೆಂಬಂತೆ ಕಾದಾಡುತ್ತದೆ. ಕಾಲಕ್ರಮದಲ್ಲಿ ಉರಿಯೂತವಾದೆಡೆಯಲ್ಲಿ ಹೊಸ ಎಲುಬು ಬೆಳೆಯತೊಡಗಿ, ಒಂದು ಮಣಿಗೂ ಇನ್ನೊಂದಕ್ಕೂ ಸೇತುವೆ ಕಟ್ಟುತ್ತದೆ. ರೋಗ ಬಹಳ ಮುಂದುವರಿದವರ ಕ್ಷಕಿರಣ ಚಿತ್ರದಲ್ಲಿ ಬೆನ್ನೆಲುಬು ಗಿಣ್ಣುಗಳುಳ್ಳ ಬಿದಿರಿನಂತೆ ಕಾಣುತ್ತದೆ. ವೈದ್ಯರು ಅದನ್ನು 'ಬಿದಿರು ಬೆನ್ನು' ಎಂದೇ ಕರೆಯುತ್ತಾರೆ. ರೋಗದ ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಕನ್ನಡದಲ್ಲಿ ಬೆನ್ನೆಲುಬಿನ ಬಿಗಿವಾತ ಎನ್ನಬಹುದು. ನಮ್ಮಲ್ಲಿ ಕತ್ತುನೋವನ್ನೆಲ್ಲ 'ಸ್ಪಾಂಡಿಲೈಟಿಸ್' ಎನ್ನುವ ವಾಡಿಕೆಯಿದೆ. ವಯಸ್ಸಾದಂತೆ ಮಣಿಗಳು ಸವೆದು ಬರುವ ಆ ನೋವೇ ಬೇರೆ, ಇದೇ ಬೇರೆ. ಬಿಗಿವಾತವು ಮುದುಕರನ್ನಲ್ಲ, ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿರುವವರನ್ನು ಹಿಡಿಯುತ್ತದೆ.

ಇದರ ಒಂದು ಲಕ್ಷಣವನ್ನು ನೀವು ಮರೆಯಬಾರದು. ದುಡಿದು ಉಳುಕಿದ ಬೆನ್ನಿಗೆ ವಿಶ್ರಾಂತಿಯಿಂದ ಸುಖ ಸಿಗುತ್ತದೆ. ಬಿಗಿವಾತದ ಬೆನ್ನು ಇದಕ್ಕೆ ತದ್ವಿರುದ್ಧ. ವಿಶ್ರಾಂತಿಯಿಂದ ಅದರ ನೋವು ಹೆಚ್ಚುತ್ತದೆ, ಚಲನೆಯಿಂದ ತಗ್ಗುತ್ತದೆ. ರಾತ್ರಿಯ ಉತ್ತರಾರ್ಧದಲ್ಲಿ ನೋವು ರೋಗಿಯನ್ನು ಎಬ್ಬಿಸುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನು ಮರದ ಹಲಗೆಯಂತೆ ಬಿಗಿದಿರುತ್ತದೆ. ಆ ಬಿಗಿತ ಸಡಿಲಗೊಳ್ಳಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕು. ಹೊತ್ತೇರಿ, ಮೈ ಆಡಿದಂತೆಲ್ಲ ಹಗುರವಾಗುತ್ತದೆ. ನನ್ನ ವಿದ್ಯಾರ್ಥಿ ಬೆಳಿಗ್ಗೆ ಬಾಗಲಾರದೆ ಸಂಜೆ ಆಡುತ್ತಿದ್ದುದು, ತರಗತಿಯಲ್ಲಿ ತೂಕಡಿಸುತ್ತಿದ್ದುದು ಏತಕ್ಕೆಂದು ಈಗ ನಿಮಗೆ ಅರ್ಥವಾಗಿರಬಹುದು. ನಾನು ಯಾವುದನ್ನು ಸೋಮಾರಿತನದ ಸಾಕ್ಷಿಯೆಂದು ಭಾವಿಸಿದೆನೋ ಅದೇ ರೋಗದ ಗುರುತಾಗಿತ್ತು.

ಈ ರೋಗ ಹೊಸದಲ್ಲ. ೧೬೯೦ರ ದಶಕದಲ್ಲಿ ಐರ್ಲೆಂಡಿನ ವೈದ್ಯ ಬರ್ನಾರ್ಡ್ ಕಾನರ್ ಎಂಬಾತ ಫ್ರಾನ್ಸಿನಲ್ಲಿ ದೊರೆತ ಒಂದು ಅಸ್ಥಿಪಂಜರವನ್ನು ವರ್ಣಿಸಿದ. ಅದರಲ್ಲಿ ಸೊಂಟದ ಎಲುಬು, ತ್ರಿಕಾಸ್ಥಿ, ಬೆನ್ನಿನ ಹಲವು ಮಣಿಗಳು ಹಾಗೂ ಪಕ್ಕೆಲುಬುಗಳು ಬೆಸೆದುಕೊಂಡು ಒಂದೇ ಎಲುಬಾಗಿದ್ದವು. ಎರಡು ಶತಮಾನಗಳ ಮೇಲೆ, ೧೮೯೩ರಲ್ಲಿ ರಷ್ಯದ ಬೆಖ್ಟೆರೆವ್, ೧೮೯೭ರಲ್ಲಿ ಜರ್ಮನಿಯ ಸ್ಟ್ರುಂಪೆಲ್, ೧೮೯೮ರಲ್ಲಿ ಫ್ರಾನ್ಸಿನ ಪಿಯರ್ ಮಾರಿ ಈ ರೋಗವನ್ನು ವಿವರವಾಗಿ ಗುರುತಿಸಿದರು. ಒಂದೇ ಮನೆತನದಲ್ಲಿ ಇದು ಮತ್ತೆ ಮತ್ತೆ ತಲೆದೋರುವುದನ್ನೂ ವೈದ್ಯರು ಗಮನಿಸಿದ್ದರು. ಆದರೆ ತಂದೆತಾಯಿಯರಿಂದ ಮಕ್ಕಳಿಗೆ ಬರುವುದು ಏನು? ರೋಗವೇ ಬರುತ್ತದೆಯೇ, ಅಥವಾ ಬೇರೇನಾದರೂ ಬರುತ್ತದೆಯೇ? ಈ ಪ್ರಶ್ನೆಗೆ ಉತ್ತರದ ಸುಳಿವು ದೊರೆತದ್ದು ಬೆನ್ನೆಲುಬಿಗೆ ಸಂಬಂಧವೇ ಇಲ್ಲದ ಇನ್ನೊಂದು ಕ್ಷೇತ್ರದಲ್ಲಿ.

ಒಬ್ಬರ ಮೂತ್ರಪಿಂಡವನ್ನು ತೆಗೆದು ಇನ್ನೊಬ್ಬರ ದೇಹದಲ್ಲಿ ಕಸಿಮಾಡಿದಾಗ, ಆ ದೇಹ ಅದನ್ನು ಪರಕೀಯವೆಂದು ತಿಳಿದು ನಾಶಮಾಡಲು ಯತ್ನಿಸುತ್ತದೆ. ತನ್ನದು ಯಾವುದು, ಪರರದು ಯಾವುದು ಎಂಬುದು ದೇಹಕ್ಕೆ ತಿಳಿಯುವುದು ಹೇಗೆ? ಬಹುತೇಕ ಎಲ್ಲ ಜೀವಕೋಶಗಳ ಮೇಲೂ ಕೆಲವು ಪ್ರೋಟೀನುಗಳಿವೆ. ಅವು ಆ ವ್ಯಕ್ತಿಯ ಮುದ್ರೆಯಿದ್ದಂತೆ. ಇಂತಹ ಮೊದಲ ಮುದ್ರೆಯನ್ನು ೧೯೫೮ರಲ್ಲಿ ಫ್ರಾನ್ಸಿನ ಜಾನ್ ದೋಸೆ ಎಂಬ ವಿಜ್ಞಾನಿ ಬಿಳಿ ರಕ್ತಕಣಗಳ ಮೇಲೆ ಗುರುತಿಸಿದರು. ೧೯೮೦ರ ನೊಬೆಲ್ ಪಾರಿತೋಷಕದಲ್ಲಿ ಅವರು ಪಾಲು ಪಡೆದದ್ದು ಈ ಕಾರ್ಯಕ್ಕಾಗಿಯೇ. ಮಾನವನ ಬಿಳಿ ರಕ್ತಕಣಗಳ ಗುರುತು ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಇವಕ್ಕೆ 'ಎಚ್.ಎಲ್.ಎ.' ಎಂದು ಹೆಸರು. ಇವನ್ನು ರೂಪಿಸುವ ವಂಶವಾಹಿಗಳು ನಮ್ಮ ಆರನೆಯ ವರ್ಣತಂತುವಿನಲ್ಲಿವೆ. ಇವುಗಳಲ್ಲಿ ಸಾವಿರಾರು ಬಗೆಗಳಿರುವುದರಿಂದಲೇ ಒಬ್ಬರ ಅಂಗ ಇನ್ನೊಬ್ಬರಿಗೆ ಸುಲಭವಾಗಿ ಹೊಂದುವುದಿಲ್ಲ.

ಈ ಗುರುತುಗಳನ್ನು ಸುಲಭವಾಗಿ ಪತ್ತೆಹಚ್ಚುವ ವಿಧಾನವನ್ನು ೧೯೬೪ರಲ್ಲಿ ರೂಪಿಸಿದವರು ಅಮೆರಿಕದ ಪಾಲ್ ತೆರಸಾಕಿ. ಅವರು ೧೯೨೯ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ, ಜಪಾನಿನಿಂದ ವಲಸೆ ಬಂದಿದ್ದ ತಂದೆತಾಯಿಗಳಿಗೆ ಹುಟ್ಟಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವು ಜಪಾನೀ ಮೂಲದವರನ್ನೆಲ್ಲ ಸಂದೇಹದಿಂದ ನೋಡಿ, ಅವರನ್ನು ಮನೆಗಳಿಂದ ಹೊರಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ತೆರಸಾಕಿಯವರ ಕುಟುಂಬ ಅರಿಜೋನದ ಮರುಭೂಮಿಯ ಶಿಬಿರವೊಂದರಲ್ಲಿ ಮೂರು ವರ್ಷ ಕಳೆಯಿತು. ಸುಮಾರು ನಿಮ್ಮ ವಯಸ್ಸಿನಲ್ಲಿ, ಕೇವಲ ಹುಟ್ಟಿನ ಕಾರಣದಿಂದ ಆ ಬಾಲಕ ಅನುಮಾನಕ್ಕೆ ಗುರಿಯಾಗಿದ್ದ. ಮುಂದೆ ಅವರು ಕಂಡುಹಿಡಿದ ಪರೀಕ್ಷೆಗೆ ಒಂದು ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ರಕ್ತಸಾರ ಸಾಕಾಗುತ್ತಿತ್ತು. ಹೀಗಾಗಿ ಒಂದು ಪುಟ್ಟ ತಟ್ಟೆಯಲ್ಲಿ ಹಲವಾರು ಗುರುತುಗಳನ್ನು ಒಟ್ಟಿಗೆ ಪರೀಕ್ಷಿಸುವುದು ಸಾಧ್ಯವಾಯಿತು. ಜಗತ್ತಿನ ಪ್ರಯೋಗಾಲಯಗಳು ಇದನ್ನು ಸ್ವೀಕರಿಸಿದವು.

ಕಸಿಗಾಗಿ ಹುಟ್ಟಿದ ಈ ಪರೀಕ್ಷೆಯನ್ನು ರೋಗಿಗಳ ರಕ್ತಕ್ಕೂ ಪ್ರಯೋಗಿಸಿ ನೋಡಿದರೆ ಹೇಗೆ ಎಂದು ಕೆಲವರು ಆಲೋಚಿಸಿದರು. ೧೯೭೩ರಲ್ಲಿ ಎರಡು ತಂಡಗಳು, ಒಂದು ಲಂಡನ್ನಿನಲ್ಲಿ, ಇನ್ನೊಂದು ಲಾಸ್ ಏಂಜಲಿಸ್‌ನಲ್ಲಿ, ಒಂದನ್ನೊಂದು ಅವಲಂಬಿಸದೆ ಒಂದೇ ಫಲಿತಾಂಶವನ್ನು ಪ್ರಕಟಿಸಿದವು. ಲಂಡನ್ನಿನಲ್ಲಿ ಡೆರಿಕ್ ಬ್ರೂವರ್ಟನ್ ಮತ್ತು ಸಂಗಡಿಗರು ಬಿಗಿವಾತದ ೭೫ ರೋಗಿಗಳನ್ನು ಪರೀಕ್ಷಿಸಿದಾಗ ೭೨ ಜನರಲ್ಲಿ, ಇಂದು ನಾವು 'ಬಿ-೨೭' ಎನ್ನುವ ಗುರುತು ಕಂಡುಬಂತು. ಹೋಲಿಕೆಗಾಗಿ ಆರಿಸಿದ್ದ ಬೇರೆ ೭೫ ಮಂದಿಯಲ್ಲಿ ಅದು ಇದ್ದುದು ಮೂವರಲ್ಲಿ ಮಾತ್ರ. ಲಾಸ್ ಏಂಜಲಿಸ್‌ನಲ್ಲಿ ಶ್ಲೋಸ್ಟೀನ್, ತೆರಸಾಕಿ ಮೊದಲಾದವರು ಪರೀಕ್ಷಿಸಿದ ೪೦ ರೋಗಿಗಳಲ್ಲಿ ೩೫ ಜನರಲ್ಲಿ ಅದಿತ್ತು. ರೋಗವಿಲ್ಲದ ೯೦೬ ಜನರಲ್ಲಿ ಇದ್ದುದು ನೂರಕ್ಕೆ ಎಂಟರಂತೆ. ಒಂದು ವಂಶವಾಹಿಗೂ ಒಂದು ರೋಗಕ್ಕೂ ಇಷ್ಟು ನಿಕಟವಾದ ಸಂಬಂಧ ಕಂಡುಬಂದದ್ದು ವೈದ್ಯಲೋಕವನ್ನು ಬೆರಗುಗೊಳಿಸಿತು. ಭಾರತದ ರೋಗಿಗಳಲ್ಲಿಯೂ ಬಹುಪಾಲು ಜನರಲ್ಲಿ ಈ ಗುರುತು ಕಾಣಸಿಗುತ್ತದೆ.

ಬ್ರೂವರ್ಟನ್ನರ ತಂಡ ರೋಗಿಗಳ ಹತ್ತಿರದ ಬಂಧುಗಳನ್ನೂ ಪರೀಕ್ಷಿಸಿತ್ತು. ಅಂತಹ ೬೦ ಜನರಲ್ಲಿ ೩೧ ಮಂದಿ ಬಿ-೨೭ ಉಳ್ಳವರಾಗಿದ್ದರು. ಹೆಚ್ಚುಕಡಮೆ ಅರ್ಧ! ಇದು ಆಕಸ್ಮಿಕವಲ್ಲ. ಪ್ರತಿಯೊಬ್ಬರಲ್ಲಿಯೂ ಆರನೆಯ ವರ್ಣತಂತುವಿನ ಎರಡು ಪ್ರತಿಗಳಿವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಸಾಮಾನ್ಯವಾಗಿ ಬಿ-೨೭ ಇರುವುದು ಇವುಗಳಲ್ಲಿ ಒಂದರಲ್ಲಿ ಮಾತ್ರ. ಮಗುವಿಗೆ ಈ ಎರಡರಲ್ಲಿ ಯಾವುದು ಹೋಗುತ್ತದೆ ಎಂಬುದು ನಾಣ್ಯವನ್ನು ಚಿಮ್ಮಿದಂತೆ. ಹೆಣ್ಣಾಗಲಿ ಗಂಡಾಗಲಿ, ಬಿ-೨೭ ಬರುವ ಸಂಭವ ಅರ್ಧ, ಬಾರದಿರುವ ಸಂಭವ ಅರ್ಧ. ಬಟಾಣಿ ಗಿಡಗಳನ್ನು ಬೆಳೆಸಿ ಆನುವಂಶಿಕತೆಯ ನಿಯಮಗಳನ್ನು ೧೮೬೬ರಲ್ಲಿ ಪ್ರಕಟಿಸಿದ ಮೆಂಡೆಲನ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ.

ಇಲ್ಲಿಯವರೆಗೆ ಓದಿದವರು ಒಂದು ತಪ್ಪು ತೀರ್ಮಾನಕ್ಕೆ ಬರುವ ಸಂಭವವುಂಟು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ಬಿ-೨೭ ಇದ್ದರೆ, ಬಿ-೨೭ ಇದ್ದವರಿಗೆಲ್ಲ ರೋಗ ಬಂದೇ ಬರುತ್ತದೆಯಲ್ಲವೇ? ಅಲ್ಲ. ಯುರೋಪಿನ ಒಂದು ಊರಿನಲ್ಲಿ ಸಾವಿರ ಜನರಿದ್ದಾರೆಂದು ಭಾವಿಸಿರಿ. ಅವರಲ್ಲಿ ಸುಮಾರು ೮೦ ಮಂದಿಗೆ ಬಿ-೨೭ ಇರುತ್ತದೆ. ಅವರಲ್ಲಿ ಬಿಗಿವಾತಕ್ಕೆ ತುತ್ತಾಗುವವರು ನಾಲ್ಕೈದು ಮಂದಿ. ಉಳಿದ ಎಪ್ಪತ್ತೈದು ಮಂದಿ ಅದೇ ಗುರುತನ್ನು ಹೊತ್ತು, ಅದರ ಅರಿವೇ ಇಲ್ಲದೆ, ನೆಟ್ಟಗೆ ನಡೆದಾಡಿಕೊಂಡು ಬಾಳುತ್ತಾರೆ. ಇನ್ನು ಕೆಲವರಿಗೆ ಬಿ-೨೭ ಇಲ್ಲದೆಯೂ ರೋಗ ಬರುವುದುಂಟು. ರೋಗಿಗಳಲ್ಲಿ ಎಷ್ಟು ಜನರಿಗೆ ಗುರುತಿದೆ ಎಂಬುದು ಒಂದು ಪ್ರಶ್ನೆ. ಗುರುತಿದ್ದವರಲ್ಲಿ ಎಷ್ಟು ಜನ ರೋಗಿಗಳಾಗುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಮಳೆ ಬರುವುದು ಮೋಡದಿಂದ ನಿಜ. ಆದರೆ ಆಕಾಶದಲ್ಲಿ ತೇಲುವ ಪ್ರತಿಯೊಂದು ಮೋಡವೂ ಮಳೆಗರೆಯುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಒಂದೆಂದು ತಿಳಿದುದರಿಂದಲೇ ನನ್ನ ವಿದ್ಯಾರ್ಥಿಯ ತಂಗಿಯ ಸಂಬಂಧ ಮುರಿದುಬಿದ್ದದ್ದು.

ಹಾಗಾದರೆ ಗುರುತಿದ್ದವರಲ್ಲಿ ಕೆಲವರಿಗೆ ಮಾತ್ರ ರೋಗ ಬರುವುದೇಕೆ? ಇದನ್ನು ತಿಳಿಯಲು ವಿಜ್ಞಾನಿಗಳು ಅವಳಿಗಳ ಮೊರೆಹೋದರು. ಏಕರೂಪಿ ಅವಳಿಗಳಲ್ಲಿ ಎಲ್ಲ ವಂಶವಾಹಿಗಳೂ ಒಂದೇ. ಉಳಿದ ಅವಳಿಗಳು ಸಾಮಾನ್ಯ ಒಡಹುಟ್ಟಿದವರಂತೆ. ೧೯೯೭ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಒಬ್ಬರಿಗಾದರೂ ಬಿಗಿವಾತವಿದ್ದ ೮ ಜೊತೆ ಏಕರೂಪಿ ಅವಳಿಗಳಿದ್ದರು. ಅವರಲ್ಲಿ ೬ ಜೊತೆಗಳಲ್ಲಿ ಇಬ್ಬರಿಗೂ ರೋಗವಿತ್ತು. ಇತರ ಅವಳಿಗಳಲ್ಲಿ, ಇಬ್ಬರಿಗೂ ಬಿ-೨೭ ಇದ್ದ ೧೫ ಜೊತೆಗಳಿದ್ದರೂ, ಇಬ್ಬರಿಗೂ ರೋಗವಿದ್ದ ಜೊತೆಗಳು ೪ ಮಾತ್ರ. ಬಿ-೨೭ ಒಂದೇ ಕಾರಣವಾಗಿದ್ದರೆ ಎರಡು ಗುಂಪುಗಳ ನಡುವೆ ಇಷ್ಟು ಅಂತರವಿರುತ್ತಿರಲಿಲ್ಲ. ಆದುದರಿಂದ ಬೇರೆ ವಂಶವಾಹಿಗಳೂ ಇದರಲ್ಲಿ ಕೈಜೋಡಿಸುತ್ತವೆಂದು ಸ್ಪಷ್ಟವಾಯಿತು. ಎಲ್ಲ ವಂಶವಾಹಿಗಳೂ ಒಂದೇ ಆಗಿದ್ದ ೮ ಜೊತೆಗಳಲ್ಲಿಯೂ ೨ ಜೊತೆಗಳಲ್ಲಿ ಒಬ್ಬರು ಆರೋಗ್ಯದಿಂದಿದ್ದರಷ್ಟೆ. ವಂಶವಾಹಿಗಳ ಹೊರಗೂ ಏನೋ ಇದೆಯೆಂಬುದನ್ನು ಇದು ತೋರಿಸುತ್ತದೆ.

ಆ ಬೇರೆ ವಂಶವಾಹಿಗಳಲ್ಲಿ ಎರಡು ಮುಖ್ಯವಾದವು ೨೦೦೭ರಲ್ಲಿ ಪತ್ತೆಯಾದವು. ಅವುಗಳಲ್ಲಿ 'ಇಆರ್‌ಎಪಿ-೧' ಎಂಬುದು ಹೇಗೆ ಕೆಲಸಮಾಡುತ್ತದೆಂದು ತಿಳಿಯಬೇಕಾದರೆ ಬಿ-೨೭ ಮಾಡುವ ಕೆಲಸವನ್ನು ತಿಳಿಯಬೇಕು. ಜೀವಕೋಶವು ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಎಚ್.ಎಲ್.ಎ. ಎಂಬ ತಟ್ಟೆಯಲ್ಲಿಟ್ಟು ಹೊರಗೆ ಪ್ರದರ್ಶಿಸುತ್ತದೆ. ಕಾವಲು ತಿರುಗುವ ಬಿಳಿ ರಕ್ತಕಣಗಳು ಅದನ್ನು ಪರಿಶೀಲಿಸುತ್ತವೆ. ಚೂರು ಮನೆಯದಾದರೆ ಮುಂದೆ ಸಾಗುತ್ತವೆ. ವೈರಾಣುವಿನದಾದರೆ ಆ ಕೋಶವನ್ನು ಕೊಲ್ಲುತ್ತವೆ. ಇಆರ್‌ಎಪಿ-೧ ಆ ಚೂರುಗಳನ್ನು ತಟ್ಟೆಯ ಅಳತೆಗೆ ಕತ್ತರಿಸುವ ಕತ್ತರಿ. ಕತ್ತರಿಯ ಹರಿತದಲ್ಲಿ ಜನರಿಂದ ಜನರಿಗೆ ವ್ಯತ್ಯಾಸವಿದೆ; ಅದರ ಪರಿಣಾಮ ಮುಖ್ಯವಾಗಿ ಕಂಡುಬರುವುದು ಬಿ-೨೭ ಉಳ್ಳವರಲ್ಲಿ. ಬಿ-೨೭ರ ತಟ್ಟೆಯಲ್ಲಿ ಮನೆಯ ಚೂರನ್ನು ಕಂಡು ಕಾವಲುಗಾರರು ಶತ್ರುವೆಂದು ಭ್ರಮಿಸುತ್ತಾರೆಂದು ಕೆಲವು ವಿದ್ವಾಂಸರೂ, ಆ ತಟ್ಟೆಯೇ ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೆ ತೊಡಕುಂಟುಮಾಡುತ್ತದೆಂದು ಮತ್ತೆ ಕೆಲವರೂ ವಿವರಿಸುತ್ತಾರೆ. ಇಂದಿಗೆ ಈ ರೋಗದೊಡನೆ ನಂಟುಳ್ಳ ನೂರಕ್ಕೂ ಹೆಚ್ಚು ಸ್ಥಾನಗಳನ್ನು ನಮ್ಮ ವರ್ಣತಂತುಗಳಲ್ಲಿ ಗುರುತಿಸಲಾಗಿದೆ. ಆನುವಂಶಿಕ ಕಾರಣಗಳೆಲ್ಲವನ್ನೂ ಒಟ್ಟುಗೂಡಿಸಿದರೆ, ಅವುಗಳಲ್ಲಿ ಬಿ-೨೭ರ ಪಾಲು ಸುಮಾರು ಐದರಲ್ಲಿ ಒಂದು ಮಾತ್ರ. ಒಂದೊಂದಾಗಿ ನೋಡಿದರೆ ಅದೇ ಅತಿ ದೊಡ್ಡದು. ಮಿಕ್ಕವುಗಳ ಪಾಲು ಅತ್ಯಲ್ಪ.

ಬಿ-೨೭ ಎಂಬುದೂ ಒಂದೇ ಬಗೆಯಲ್ಲ. ಅದರಲ್ಲಿ ಹಲವು ಉಪಜಾತಿಗಳಿವೆ. ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ ಕಾಣುವ ಒಂದು ಉಪಜಾತಿಗೂ ಆಗ್ನೇಯ ಏಷ್ಯದಲ್ಲಿ ಕಾಣುವ ಇನ್ನೊಂದಕ್ಕೂ ಈ ರೋಗದೊಡನೆ ಬಹುಮಟ್ಟಿಗೆ ಸಂಬಂಧವೇ ಇಲ್ಲ. ಸಾರ್ಡೀನಿಯದ ಉಪಜಾತಿಗೂ ರೋಗಕ್ಕೆ ಎಡೆಕೊಡುವ ಸಾಮಾನ್ಯ ಉಪಜಾತಿಗೂ ಇರುವ ಅಂತರ ಒಂದೇ ಒಂದು ಅಮೈನೋ ಆಮ್ಲ. ಪ್ರೋಟೀನನ್ನು ಒಂದು ಸರವೆಂದು ಭಾವಿಸಿದರೆ, ಅದರ ೧೧೬ನೆಯ ಮಣಿಯೊಂದು ಬೇರೆಯಾಗಿದೆ, ಅಷ್ಟೆ. ಜನಾಂಗದಿಂದ ಜನಾಂಗಕ್ಕೂ ಬಿ-೨೭ರ ಪ್ರಮಾಣ ಬೇರೆಬೇರೆ. ಕೆನಡದ ಪಶ್ಚಿಮ ತೀರದ ಹೈಡಾ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದಿದೆ. ಜಪಾನೀಯರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ.

ವಂಶವಾಹಿಗಳ ಹೊರಗಿನ ಕಾರಣಗಳ ಬಗೆಗೆ ಇಲಿಗಳು ಒಂದು ಪಾಠ ಕಲಿಸಿವೆ. ೧೯೯೦ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯರ ಬಿ-೨೭ ವಂಶವಾಹಿಯನ್ನು ಇಲಿಗಳಲ್ಲಿ ಸೇರಿಸಿದರು. ಆ ಇಲಿಗಳಿಗೆ ಕರುಳಿನಲ್ಲಿಯೂ ಕೀಲುಗಳಲ್ಲಿಯೂ ಉರಿಯೂತ ಉಂಟಾಯಿತು. ಅಂತಹವೇ ಇಲಿಗಳನ್ನು ಒಂದೂ ಸೂಕ್ಷ್ಮಜೀವಿಯಿಲ್ಲದ ಪರಿಸರದಲ್ಲಿ ಬೆಳೆಸಿದಾಗ ಕರುಳೂ ಕೀಲುಗಳೂ ಆರೋಗ್ಯವಾಗಿಯೇ ಉಳಿದವೆಂದು ೧೯೯೪ರಲ್ಲಿ ವರದಿಯಾಯಿತು. ವಂಶವಾಹಿ ಅದೇ, ಪರಿಸರ ಮಾತ್ರ ಬೇರೆ. ನಾವು ಸೂಕ್ಷ್ಮಜೀವಿಗಳಿಲ್ಲದೆ ಬದುಕಲಾರೆವು, ಬದುಕಬೇಕಾಗಿಯೂ ಇಲ್ಲ. ಆದರೆ ಬಿತ್ತದಲ್ಲಿ ಇರುವುದೆಲ್ಲ ಮೊಳೆಯಬೇಕಾದರೆ ನೆಲವೂ ನೀರೂ ಒದಗಬೇಕೆಂಬ ಮಾತು ಇಲ್ಲಿಯೂ ಸತ್ಯವೆಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು.

ಬಿ-೨೭ನ್ನು ಕೆಟ್ಟ ವಂಶವಾಹಿಯೆಂದು ದೂಷಿಸುವುದೂ ಸರಿಯಲ್ಲ. ಅದರ ನಿಜವಾದ ಕೆಲಸ ವೈರಾಣುಗಳನ್ನು ಗುರುತಿಸುವುದು. ಆ ಕೆಲಸವನ್ನು ಅದು ಸಮರ್ಥವಾಗಿಯೇ ಮಾಡುತ್ತದೆ. ಏಡ್ಸ್ ರೋಗವನ್ನುಂಟುಮಾಡುವ ಎಚ್.ಐ.ವಿ. ಸೋಂಕು ತಗಲಿದವರಲ್ಲಿ, ಬಿ-೨೭ ಉಳ್ಳವರ ದೇಹ ಸಾಮಾನ್ಯವಾಗಿ ಹೆಚ್ಚು ಕಾಲ ತಡೆದು ನಿಲ್ಲುತ್ತದೆಯೆಂಬುದು ಕಂಡುಬಂದಿದೆ. ಅತಿ ಎಚ್ಚರದ ಕಾವಲುಗಾರ ಎಂದಾದರೊಮ್ಮೆ ಮನೆಯವರ ಮೇಲೆಯೇ ಕೋಲೆತ್ತುವುದುಂಟು. ಅಷ್ಟರಿಂದಲೇ ಅವನು ಕಳ್ಳನಾಗುವುದಿಲ್ಲ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ತಂದೆಗೆ ರೋಗವಿದೆ. ಮಗಳಿಗೆ ಬಿ-೨೭ ಬಂದಿರುವ ಸಂಭವ ಅರ್ಧ. ಬಂದಿದ್ದರೆ, ಹತ್ತಿರದ ಬಂಧುವಿಗೆ ರೋಗವಿರುವ ಕಾರಣ, ಅವಳ ಅಪಾಯ ಇತರ ಬಿ-೨೭ ಉಳ್ಳವರಿಗಿಂತ ಹೆಚ್ಚು. ಅದು ನೂರಕ್ಕೆ ಹತ್ತರಿಂದ ಇಪ್ಪತ್ತು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ನೂರಕ್ಕೆ ಐದರಿಂದ ಹತ್ತು. ಎಂದರೆ, ಅಂತಹ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಾದರೂ ಈ ರೋಗವಿಲ್ಲದೆ ಬೆಳೆಯುತ್ತಾರೆ. ಇದು ಶೂನ್ಯವಲ್ಲ, ಹಾಗೆಂದು ಸುಳ್ಳು ಸಮಾಧಾನ ಹೇಳಬಾರದು. ಆದರೆ ಇದು ತೀರ್ಪೂ ಅಲ್ಲ. ಲಕ್ಷಣಗಳೇ ಇಲ್ಲದ ಮಗುವಿಗೆ ರಕ್ತಪರೀಕ್ಷೆ ಮಾಡಿಸಿ ಹಣೆಪಟ್ಟಿ ಹಚ್ಚುವುದರಿಂದ ಪ್ರಯೋಜನವಿಲ್ಲ. ಬಿ-೨೭ರ ಪರೀಕ್ಷೆಯೊಂದರಿಂದಲೇ ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ. ಲಕ್ಷಣಗಳು, ದೇಹದ ತಪಾಸಣೆ, ಕೀಲುಗಳ ಚಿತ್ರಗಳು ಇವುಗಳ ಜೊತೆಗೆ ಅದೂ ಒಂದು ಸಾಕ್ಷಿ.

ಮಾಡಬೇಕಾದದ್ದು ಎಚ್ಚರದಿಂದ ಗಮನಿಸುವುದು. ಹರೆಯದವರಿಗೆ ಮೂರು ತಿಂಗಳಿಗೂ ಮೀರಿ ಬೆನ್ನುನೋವು ಇದ್ದು, ಅದು ಬೆಳಿಗ್ಗೆ ಹೆಚ್ಚಾಗಿ, ಓಡಾಡಿದರೆ ತಗ್ಗುವಂತಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಕಣ್ಣು ಕೆಂಪಾಗಿ ನೋಯುತ್ತ ಬೆಳಕನ್ನು ಸಹಿಸದಂತಾದರೆ ತಡಮಾಡಕೂಡದು. ಬಿಗಿವಾತವುಳ್ಳ ನಾಲ್ವರಲ್ಲಿ ಒಬ್ಬರಿಗಾದರೂ ಎಂದಾದರೊಮ್ಮೆ ಕಣ್ಣಿನ ಉರಿಯೂತ ಬರುತ್ತದೆ. ಇದು ಗಂಡಸರ ರೋಗವೆಂದು ಹಿಂದೆ ತಿಳಿದಿದ್ದರಿಂದ ಎಷ್ಟೋ ಹೆಣ್ಣುಮಕ್ಕಳ ನೋವು ಗುರುತಿಗೆ ಬಾರದೆ ಹೋಯಿತು. ಇಂದು ಚಿಕಿತ್ಸೆಗಳಿವೆ. ದಿನನಿತ್ಯದ ವ್ಯಾಯಾಮ ಇದರಲ್ಲಿ ಔಷಧಕ್ಕೆ ಸಮಾನವಾದುದು. ಉರಿಯೂತವನ್ನು ತಗ್ಗಿಸುವ ಗುಳಿಗೆಗಳಿವೆ. ಈ ಶತಮಾನದ ಆರಂಭದಿಂದ, ಉರಿಯೂತದ ಸಂದೇಶಗಳನ್ನೇ ತಡೆಯುವ ಚುಚ್ಚುಮದ್ದುಗಳೂ ಬಳಕೆಗೆ ಬಂದಿವೆ. ಅವುಗಳ ಬೆಲೆ ಬಡವರಿಗೆ ಇಂದಿಗೂ ಭಾರವೇ. ಧೂಮಪಾನ ಈ ರೋಗವನ್ನು ಬಿಗಡಾಯಿಸುತ್ತದೆ. ಬೇಗ ಗುರುತಿಸಿದಷ್ಟೂ ಬೆನ್ನು ಹೆಚ್ಚು ಕಾಲ ಬಾಗುತ್ತದೆ.

ಇವೆಲ್ಲವನ್ನೂ ಬರೆದುಕೊಂಡು ಒಂದು ಭಾನುವಾರ ನಾನು ಆ ವಿದ್ಯಾರ್ಥಿಯ ಮನೆಗೆ ಹೋದೆ. ಅವನು, ಅವನ ತಂಗಿ, ಅವರ ತಾಯಿ ಕುಳಿತು ಕೇಳಿದರು. ನಾಣ್ಯದ ಲೆಕ್ಕವನ್ನು ತಂಗಿಯೇ ಕಾಗದದ ಮೇಲೆ ಎರಡು ಬಾರಿ ಮಾಡಿ ನೋಡಿದಳು. "ಅವರಿಗೂ ಇದನ್ನು ಯಾರಾದರೂ ಹೀಗೆ ಹೇಳಿದ್ದರೆ!" ಎಂದಳು. ಹೊರಡುವ ಮುನ್ನ ನಾನು ಆ ಹಳೆಯ ದಿನದ ಮಾತನ್ನು ಎತ್ತಿ ಅವನ ಕ್ಷಮೆ ಕೇಳಿದೆ. "ನಿಮಗೆ ಗೊತ್ತಿರಲಿಲ್ಲ ಮೇಷ್ಟ್ರೇ, ನನಗೂ ಗೊತ್ತಿರಲಿಲ್ಲ" ಎಂದ. ಅವನ ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು.

ನನ್ನ ಎಳೆಯ ಮಿತ್ರರೇ, ಹುಟ್ಟಿನೊಂದಿಗೆ ಬಂದದ್ದನ್ನೆಲ್ಲ ನಮ್ಮ ಹಿರಿಯರು ಹಣೆಬರಹವೆಂದು ಕರೆದರು. ಅಳಿಸಲಾಗದ್ದು ಎಂಬ ಅರ್ಥದಲ್ಲಿ ಆ ಮಾತನ್ನು ಬಳಸಿದರು. ವಂಶವಾಹಿಗಳು ಬರೆದಿರುವುದು ಅಂತಹ ಬರಹವಲ್ಲ. ಅವು ಸಂಭವಗಳನ್ನು ಹೇಳುತ್ತವೆ, ನಿಶ್ಚಯವನ್ನಲ್ಲ. ಆದ್ದರಿಂದ ಒಬ್ಬರ ಮನೆತನವನ್ನು ಕಂಡು ಅವರ ಭವಿಷ್ಯವನ್ನು ನಿರ್ಣಯಿಸಲು ಹೋಗಬೇಡಿ. ನಿಮ್ಮ ಪಕ್ಕದಲ್ಲಿ ಕುಳಿತವನು ಬೆಳಗಿನ ಹೊತ್ತು ಬೆಂಚನ್ನು ಹಿಡಿದು ಮೆಲ್ಲಗೆ ಎದ್ದರೆ ನಗಬೇಡಿ. ಏಕೆಂದು ಕೇಳಿರಿ.